ಹತ್ತು ಸಾವಿರ ಅಡಿಯ ಕೆಳಗೆ

ಬೆಣ್ಣೆ ಸವರುವ ಚಾಕುವಿನಿಂದ ಕೀಬೋರ್ಡಿನ ಪಿ ಗುಂಡಿಯನ್ನು ಮೀಟಿ ಕಿತ್ತ ದಿನ ಕ್ಯಾಪ್ಟನ್‌ಗೆ ತಾನೊಬ್ಬ ಸಾಧಕ ಅನ್ನಿಸಿತ್ತು. ಪಿ ಒತ್ತಿದರೆ ವಿಮಾನ ಇದ್ದಲ್ಲೇ ನಿಲ್ಲುತ್ತದೆ. ಎಂಜಿನ್ನಿನ ಸದ್ದು ನಿಲ್ಲುತ್ತದೆ, ರೆಕ್ಕೆಯ ಪಕ್ಕದ ಮೋಡ ನಿಲ್ಲುತ್ತದೆ, ಪ್ರಯಾಣಿಕರು ಬಾಯಿಗೆ ಎತ್ತಿದ ತುತ್ತನ್ನು ಅಲ್ಲೇ ಹಿಡಿದುಕೊಂಡು ಕೂರುತ್ತಾರೆ. ಪೈಲಟ್ ಆದವನು ಎದ್ದು ಹೋಗಿ ಒಲೆ ಆರಿಸಿ, ಬಾಗಿಲಿಗೆ ಬಂದ ಪಾರ್ಸೆಲ್ ಇಸಿದುಕೊಂಡು, ಬಚ್ಚಲಿಗೂ ಹೋಗಿ ಬರಬಹುದು. ನಿಜವಾದ ಪೈಲಟ್‌ಗೆ ಇಂಥ ಅನುಕೂಲ ಉಂಟೇ? ಇಲ್ಲ. ಹಾಗಾದರೆ ತನಗೂ ಬೇಡ. ಕಿತ್ತ ಗುಂಡಿಯನ್ನು ಅವನು ಕಸದ ಬುಟ್ಟಿಗೆ ಎಸೆದ. ಹೆಂಡತಿ ಅದನ್ನು ಎತ್ತಿ ತೊಳೆದು, ಒಂದು ಆಯಸ್ಕಾಂತಕ್ಕೆ ಗೋಂದು ಹಚ್ಚಿ ಅಂಟಿಸಿ, ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದಳು. ‘ಬೇಕಾದಾಗ ಇಲ್ಲಿರುತ್ತೆ’ ಅಂದಳು. ಬೇಕಾಗುವುದಿಲ್ಲ ಅಂತ ಅವನು ನಕ್ಕ. ಆ ನಗುವನ್ನು ಈಗ ನೆನೆಸಿಕೊಂಡರೆ ಅವನಿಗೇ ತನ್ನ ಕಿವಿ ಹಿಂಡಬೇಕು ಅನ್ನಿಸುತ್ತದೆ.

ಕ್ಯಾಪ್ಟನ್ ಅನ್ನುವುದು ಅವನ ಹೆಸರೂ ಅಲ್ಲ, ಹುದ್ದೆಯೂ ಅಲ್ಲ. ಅವನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವುದು, ಗಾಜು ಅರೆದು ಫ್ರೇಮಿಗೆ ಕೂರಿಸುವುದು, ಸಡಿಲವಾದ ಕಡ್ಡಿಗಳ ತಿರುಪು ಬಿಗಿಯುವುದು ಅವನ ಕೆಲಸ. ಸಂಜೆ ಮನೆಗೆ ಬಂದು, ಇಸ್ತ್ರಿ ಮೇಜು ಇರುವ ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡರೆ ಮಾತ್ರ ಅವನು ದೊಡ್ಡ ಪ್ರಯಾಣಿಕ ವಿಮಾನವೊಂದರ ಚಾಲಕ. ಕಂಪ್ಯೂಟರಿನ ಮೂರು ಪರದೆ, ಒಂದು ಚುಕ್ಕಾಣಿ, ತಾನೇ ಕುಯ್ದು ಬಣ್ಣ ಬಳಿದ ಹಲಗೆಯ ಮೇಲೆ ಸಾಲುಸಾಲು ಸ್ವಿಚ್ಚು. ಹಿಂದೆ, ಇಸ್ತ್ರಿ ಮೇಜಿಗೆ ತಾಗಿ, ಗುಜರಿಯಿಂದ ತಂದ ಅಸಲಿ ವಿಮಾನದ ಒಂಟಿ ಸೀಟು, ಅಸಲಿ ಬೆಲ್ಟಿನ ಸಮೇತ. ಅದರ ಮೇಲೆ ಸಾಮಾನ್ಯವಾಗಿ ಮಡಿಸದ ಬಟ್ಟೆಗಳು ಪ್ರಯಾಣ ಮಾಡುತ್ತಿದ್ದವು.

ಈ ಬಾಡಿಗೆಯಿಲ್ಲದ ವಿಮಾನಕ್ಕೆ ಕಾನೂನುಗಳು ಬಹಳ. ಮೂರು ಗಂಟೆಯ ಹಾದಿ ಅಂದರೆ ಮೂರು ಗಂಟೆ ಕೂತೇ ಇರಬೇಕು. ವೇಗ ಹೆಚ್ಚಿಸಿ ನಡುವಿನ ಆಕಾಶ ನುಂಗುವ ಹಾಗಿಲ್ಲ. ಹತ್ತು ಸಾವಿರ ಅಡಿಯ ಕೆಳಗೆ, ಅಂದರೆ ಏರುವಾಗ ಮತ್ತು ಇಳಿಯುವಾಗ, ಪೈಲಟ್ ಬೇರೆ ಮಾತು ಆಡುವ ಹಾಗಿಲ್ಲ. ಅಸಲಿ ವಿಮಾನಗಳಲ್ಲೂ ಅದೇ ನಿಯಮ, ಆ ಹೊತ್ತಿನಲ್ಲೇ ಅಪಾಯ ಜಾಸ್ತಿ. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ತೊಯ್ದು ಹೆಂಡತಿ ಬಚ್ಚಲಿನಿಂದ ‘ರೀ, ಒಲೆ ಆರಿಸ್ರೀ’ ಅಂತ ಕೂಗಿಕೊಂಡಾಗ ಅವನು ಒಂದು ಬೆರಳೆತ್ತಿ ಸುಮ್ಮನೆ ಕೂತಿದ್ದ. ಬೆರಳು ಬಚ್ಚಲಿಗೆ ಕಾಣುವುದಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಅಂದಿನಿಂದ ಹೆಂಡತಿ ಏನು ಕೇಳುವುದಿದ್ದರೂ ಮೊದಲು ಬಾಗಿಲಾಚೆಯಿಂದ ‘ಎತ್ತರ ಎಷ್ಟು?’ ಅಂತ ಕೇಳುತ್ತಾಳೆ. ತವರಿನಿಂದ ಫೋನ್ ಬಂದರೂ ‘ಇದಾರೆ ಕಣಮ್ಮ, ಇನ್ನೂ ಆರು ಸಾವಿರದಲ್ಲಿದಾರೆ, ಇಳಿದ ಮೇಲೆ ಮಾಡಿಸ್ತೀನಿ’ ಅನ್ನುತ್ತಾಳೆ.

ಇಷ್ಟೆಲ್ಲ ಇದ್ದೂ ಕ್ಯಾಪ್ಟನ್ ನಿಜವಾದ ವಿಮಾನ ಹತ್ತಿದವನಲ್ಲ. ವರ್ಷಕ್ಕೊಮ್ಮೆ ಗಾಜಿನ ಕಂಪನಿಗಳ ಪ್ರದರ್ಶನಕ್ಕೆ ದೂರದ ನಗರಕ್ಕೆ ಹೋಗುವಾಗಲೂ ರೈಲೇ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಕೇಳಿದರೆ ಕೊಡಲು ಉತ್ತರವೊಂದನ್ನು ಮಾತ್ರ ತಯಾರು ಮಾಡಿಟ್ಟುಕೊಂಡಿದ್ದ: ಹಿಂದಿನ ಸೀಟಿನಲ್ಲಿ ಕೂತರೆ ಮಾಪಕದ ಒಂದು ಮುಳ್ಳೂ ಕಾಣುವುದಿಲ್ಲ, ಒಂದು ಸ್ವಿಚ್ಚೂ ಸಿಗುವುದಿಲ್ಲ, ನಿಜವಾದ ವಿಮಾನದಲ್ಲಿ ರಿಯಲಿಸಂ ತೀರಾ ಕಡಿಮೆ.

ಅವನಿಗೆ ಕ್ಯಾಪ್ಟನ್ ಅಂತ ಹೆಸರಿಟ್ಟವಳು ನಾದಿನಿ, ಹೆಂಡತಿಯ ತಂಗಿ. ಶುಕ್ರವಾರ ಸಂಜೆ ಅವಳು ಬಂದಾಗ ಮಾತ್ರ ಆ ಹೆಸರಿನಲ್ಲಿ ಎಂದಿನ ಕುಚೋದ್ಯ ಇರಲಿಲ್ಲ.

‘ಕ್ಯಾಪ್ಟನ್ ಭಾವ, ನನ್ನ ಕರ್ಕೊಂಡು ಹಾರ್ತೀರಾ?’

ನಾದಿನಿ ಈಜು ಕಲಿಸುವವಳು. ಕೊಳದ ಆಚೆ ದಡಕ್ಕೂ ಮುಟ್ಟುವ ಗಂಟಲು. ಅಂಥವಳು ಎರಡು ವರ್ಷದ ಹಿಂದೆ ಸ್ಪರ್ಧೆಗೆ ಹೊರಟ ತಂಡದ ಜೊತೆ ವಿಮಾನ ಹತ್ತಿ, ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಎದ್ದು, ಮಕ್ಕಳನ್ನೆಲ್ಲ ಕ್ಲಬ್ಬಿನ ಗುಮಾಸ್ತನಿಗೆ ಬಿಟ್ಟು ಇಳಿದು ಬಂದಿದ್ದಳು. ಗುಮಾಸ್ತನಿಗೆ ಸ್ವತಃ ಈಜು ಬಾರದು. ಮಕ್ಕಳು ಹೋದ ಹಾಗೇ ಸೋತು ಬಂದರು. ಮಕ್ಕಳ ತಂದೆ ತಾಯಂದಿರು ಇನ್ನೂ ಅವಳನ್ನು ಕಂಡರೆ ಅರ್ಧ ನಗುತ್ತಾರೆ. ಈಗ ಸೋಮವಾರ ಬೆಳಿಗ್ಗೆ ಮತ್ತೆ ಹೋಗಬೇಕು. ಕ್ಲಬ್ಬಿನ ಕಾರ್ಯದರ್ಶಿ ನಯವಾಗಿಯೇ ಹೇಳಿದ್ದ: ಈ ಸಲವೂ ಇಳಿದರೆ ಮುಂದಿನ ತಿಂಗಳಿಂದ ಬೇರೆ ಕೋಚ್.

‘ಸದ್ದುಗಳು ಅಭ್ಯಾಸ ಆದ್ರೆ ಸಾಕು ಭಾವ. ಸುಮ್ನೆ ಏರ್ಸಿ, ಸುಮ್ನೆ ಇಳ್ಸಿ.’

‘ಸುಮ್ನೆ ಏರ್ಸೋದು ಅಂದ್ರೇನು?’ ಕ್ಯಾಪ್ಟನ್‌ಗೆ ನೋವಾಯಿತು. ‘ವಿಮಾನ ಏನು ಲಿಫ್ಟಾ?’

‘ರೀ’ ಅಂದಳು ಹೆಂಡತಿ. ಆ ಒಂದೇ ಅಕ್ಷರದಲ್ಲಿ, ನನ್ನ ತಂಗಿಯ ಕೆಲಸ ಹೋಗುವ ಹೊತ್ತಿನಲ್ಲಿ ನಿಮ್ಮ ವೇದಾಂತ ಬೇಡ ಅನ್ನುವುದೆಲ್ಲ ಇತ್ತು.

ಅವನು ಒಪ್ಪಿದ, ಆದರೆ ತನ್ನ ರೀತಿಯಲ್ಲಿ. ಬಟ್ಟೆಗಳನ್ನು ಸೀಟಿನಿಂದ ಕೆಳಗಿಳಿಸಿ ನಾದಿನಿಯನ್ನು ಕೂರಿಸಿದ. ಬೆಲ್ಟ್ ಬಿಗಿದ. ವಿಮಾನ ತಂಗುದಾಣದಲ್ಲಿ ದೀಪವೂ ಇಲ್ಲದೆ ತಣ್ಣಗೆ ನಿಂತಿತ್ತು, ಅಲ್ಲಿಂದಲೇ ಶುರು. ಬ್ಯಾಟರಿ, ಪಂಪು, ದೀಪ, ಒಂದೊಂದನ್ನೂ ಗಟ್ಟಿಯಾಗಿ ಹೇಳಿ, ತಾನೇ ಸಹಪೈಲಟ್ಟಿನ ದನಿಯಲ್ಲಿ ‘ಆಯಿತು’ ಅಂದುಕೊಂಡ. ಸಹಪೈಲಟ್ಟಿಗೆ ಕೊಂಚ ಮೂಗಿನ ದನಿ ಕೊಡುವುದು ಅವನ ರೂಢಿ.

‘ಭಾವ, ಇನ್ನೂ ಎಷ್ಟು ಹೊತ್ತು?’

‘ಇಂಧನ ತುಂಬಿಸ್ತಿದಾರೆ.’

‘ಯಾರು?’

ಹೆಂಡತಿ ಬಾಗಿಲಲ್ಲಿ ಚಹಾ ಹಿಡಿದು ನಿಂತು ‘ಗಗನಸಖಿ ಒಳಗೆ ಬರಬಹುದಾ?’ ಅಂದಳು. ನಾದಿನಿ ನಕ್ಕಳು. ಆ ನಗು ನೋಡಿ, ಕೆಲಸ ಆಗುತ್ತಿದೆ ಅಂದುಕೊಂಡ ಕ್ಯಾಪ್ಟನ್.

ಓಡುದಾರಿಯ ತುದಿಗೆ ಬಂದಾಗ ಅವನಿಗೆ ಒಂದು ವಿಷಯ ನೆನಪಾಯಿತು. ಸಾಫ್ಟ್‌ವೇರಿನಲ್ಲಿ ‘ಹೇಳದೆ ಬರುವ ದೋಷಗಳು’ ಅನ್ನುವುದೊಂದಿದೆ. ಅದನ್ನು ಚಾಲೂ ಮಾಡಿಟ್ಟರೆ ಯಾವಾಗ ಬೇಕಾದರೂ ಏನು ಬೇಕಾದರೂ ಕೆಡಬಹುದು. ಅವನದು ಸದಾ ಚಾಲೂ. ಇವತ್ತೊಂದು ದಿನ ಆರಿಸಲೇ ಅಂತ ಕೈ ಮೌಸಿನ ತನಕ ಹೋಯಿತು. ಆರಿಸಿದರೆ ಅದು ಮೋಸ ಆಗುತ್ತದಲ್ಲ, ಅಂತ ಕೈ ವಾಪಸು ಬಂತು. ಮೋಸ ಯಾರಿಗೆ? ಹೆದರಿ ಕೂತ ಹೆಂಗಸಿಗೋ, ಪ್ಲಾಸ್ಟಿಕ್ ಸ್ವಿಚ್ಚಿಗೋ? ಆ ಪ್ರಶ್ನೆ ಅವನಿಗೆ ಅವತ್ತು ಹುಟ್ಟಲೇ ಇಲ್ಲ.

ನೆಲ ಬಿಟ್ಟು ಇನ್ನೂ ಚಕ್ರ ಪೂರ್ತಿ ಒಳಗೆ ಹೋಗಿರಲಿಲ್ಲ, ಗಂಟೆ ಬಡಿಯಿತು. ಎಡಗಡೆಯ ಎಂಜಿನ್ನಿಗೆ ಬೆಂಕಿ. ಕೆಂಪು ದೀಪ. ವಿಮಾನ ಒಂದು ಕಡೆ ವಾಲಿತು.

‘ಏನದು? ಭಾವ, ಏನದು ಸದ್ದು?’

ಕ್ಯಾಪ್ಟನ್ ಒಂದು ಬೆರಳೆತ್ತಿದ. ಹತ್ತು ಸಾವಿರ ಅಡಿಯ ಕೆಳಗೆ ಮಾತಿಲ್ಲ.

‘ಭಾವ! ನಿಲ್ಸಿ! ಸಾಕು, ನಿಲ್ಸಿ ಅಂದೆ!’

ನಿಲ್ಲಿಸುವ ಗುಂಡಿ ಫ್ರಿಜ್ಜಿನ ಮೇಲಿತ್ತು. ಬೇರೆ ದಾರಿ ಇರಲಿಲ್ಲವೇ ಅಂದರೆ ಬೇಕಾದಷ್ಟಿತ್ತು. ಹೇಳುವುದಾದರೆ ನಾಚಿಕೆ, ಅವನಿಗೆ ನಿಲ್ಲಿಸುವ ಮನಸ್ಸೇ ಇರಲಿಲ್ಲ. ಅಷ್ಟು ದಿನದ ಓದು, ತಾಲೀಮು ಎಲ್ಲ ಬೆರಳ ತುದಿಗೆ ಬಂದು ನಿಂತಿತ್ತು. ಕಾಲಿನಿಂದ ವಾಲಿಕೆ ತಿದ್ದಿದ. ಸತ್ತ ಎಂಜಿನ್ನಿನ ಇಂಧನ ಕಡಿದ. ಬೆಂಕಿ ಆರಿಸುವ ಹಿಡಿ ಎಳೆದ. ಹಿಂದೆ ನಾದಿನಿ ಬೆಲ್ಟ್ ಬಿಚ್ಚಲು ಪರದಾಡುತ್ತಿದ್ದಳು; ಆ ಬೆಲ್ಟಿನ ಕೊಕ್ಕೆಯನ್ನು ಒತ್ತಬಾರದು, ಮೇಲಕ್ಕೆತ್ತಬೇಕು, ಅದನ್ನು ಅವನು ಹೇಳಿರಲಿಲ್ಲ. ಅವಳು ಸೀಟನ್ನೇ ಬೆನ್ನಿಗೆ ಕಟ್ಟಿಕೊಂಡ ಹಾಗೆ ಎದ್ದು ನಿಂತಳು. ಇಸ್ತ್ರಿ ಮೇಜು ಮಗುಚಿತು.

ಆಗ ಇಡೀ ಕೋಣೆ ಕತ್ತಲಾಯಿತು. ಹೆಂಡತಿ ಹಜಾರದ ಮೇನ್ ಸ್ವಿಚ್ಚನ್ನೇ ಆರಿಸಿದ್ದಳು.

ಕ್ಯಾಪ್ಟನ್ ಬಾಯಿಂದ ಹೊರಟ ಮೊದಲ ಮಾತನ್ನು ಹೆಂಡತಿ ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ಅವನು ಕತ್ತಲಲ್ಲಿ ಕುರ್ಚಿ ತಿರುಗಿಸಿ, ನಿಜವಾದ ಸಂಕಟದಿಂದ, ‘ಬೆಂಕಿ ಆರಿತ್ತು ಕಣೇ!’ ಅಂದಿದ್ದ.

ನಾದಿನಿ ಅಳುವವಳಲ್ಲ. ಬಟ್ಟೆ ಒಣಗಿಸುವ ಬಾಲ್ಕನಿಗೆ ಹೋಗಿ, ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು.

‘ನಾನು ಹೋಗಲ್ಲ ಅಕ್ಕ. ಕಾರ್ಯದರ್ಶಿಗೆ ಈಗ್ಲೇ ಹೇಳಿಬಿಡ್ತೀನಿ.’

ಹೆಂಡತಿ ಅವಳ ಫೋನ್ ಇಸಿದುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ‘ನಾಳೆ ಹೇಳುವಿಯಂತೆ. ಇವತ್ತು ಹೇಳಿದ್ರೆ ಇವರಿಂದ ಕೆಲಸ ಹೋಯ್ತು ಅಂತಾಗುತ್ತೆ.’

‘ನೀರಿಗೆ ಹೊಸದಾಗಿ ಬರೋ ಮಕ್ಕಳಿಗೆ ನಾನು ಮೊದಲು ಗೋಡೆ ಕೊಡ್ತೀನಿ ಭಾವ’ ಅಂದಳು ನಾದಿನಿ, ಹಿಂದೆ ಬಂದು ನಿಂತಿದ್ದ ಅವನ ಕಡೆ ನೋಡದೆ. ‘ಕೊಳದ ಗೋಡೆ. ಬೇಕೆನಿಸಿದಾಗ ಹಿಡ್ಕೊಳ್ಳೋಕೆ. ನೀವು ಮಾಡಿದ ಹಾಗೆ ನಾನು ಮಾಡಿದ್ರೆ ಜೈಲಿಗೆ ಹಾಕ್ತಾರೆ.’

ಕ್ಯಾಪ್ಟನ್ ಮಗುಚಿದ ಇಸ್ತ್ರಿ ಮೇಜನ್ನು ಎತ್ತಿ ನಿಲ್ಲಿಸಿದ. ಆ ಹೊತ್ತಿಗೆ ಅವನಿಂದ ಆಗುವ ಕೆಲಸ ಅದೊಂದೇ ಇತ್ತು.

ಮರುದಿನ ಅಂಗಡಿಗೆ ಒಬ್ಬ ದರ್ಜಿ ಬಂದ. ಹೋದ ವಾರ ಮಾಡಿಸಿಕೊಂಡ ಕನ್ನಡಕವನ್ನು ಗಾಜಿನ ಮೇಜಿನ ಮೇಲೆ ಇಟ್ಟು, ‘ಸಾರ್, ಇದು ಹಾಕ್ಕೊಂಡ್ರೆ ನೆಲ ಇಳಿಜಾರಾಗುತ್ತೆ’ ಅಂದ. ‘ಮೆಟ್ಟಿಲೇ ಇಲ್ಲದ ಕಡೆ ಕಾಲೆತ್ತಿ ಇಡ್ತಿದೀನಿ. ಹೆಂಡತಿ ಕುಡಿದಿದೀಯಾ ಅಂತಾಳೆ.’

ಚೀಟಿ ನೋಡಿದರೆ ಅಂಗಡಿಯ ಹೊಸ ಕೆಲಸದವಳು ಪೂರ್ತಿ ನಂಬರನ್ನೇ ಕೊಟ್ಟುಬಿಟ್ಟಿದ್ದಳು. ಲೆಕ್ಕದಲ್ಲಿ ತಪ್ಪಿಲ್ಲ. ಕಣ್ಣಿಗೆ ಬೇಕಾದದ್ದೇ. ಕ್ಯಾಪ್ಟನ್ ಇಷ್ಟು ವರ್ಷ ನೂರಾರು ಗಿರಾಕಿಗಳಿಗೆ ಹೇಳಿದ್ದನ್ನೇ, ಬಾಯಿಪಾಠದ ಹಾಗೆ, ದರ್ಜಿಗೂ ಹೇಳತೊಡಗಿದ: ‘ನಂಬರ್ ಸರಿಯಾಗೇ ಇದೆ, ಆದ್ರೆ ಒಂದೇ ಸಲಕ್ಕೆ ಅಷ್ಟು ನಿಜ ಕಣ್ಣು ತಡೆಯಲ್ಲ. ಮೊದಲು ಅರ್ಧ ಕೊಡ್ತೀನಿ. ಅಭ್ಯಾಸ ಆದ್ಮೇಲೆ ಸ್ವಲ್ಪ ಸ್ವಲ್ಪ...’

ಅಲ್ಲಿಗೆ ಅವನ ಮಾತು ನಿಂತುಹೋಯಿತು.

‘ಸಾರ್?’ ಅಂದ ದರ್ಜಿ.

ದಿನವಿಡೀ ಅರ್ಧ ಅರ್ಧ ಸತ್ಯವನ್ನು ಅಳೆದು ಸುರಿದು ಕೊಟ್ಟು ಹೊಟ್ಟೆ ಹೊರೆಯುವ ಮನುಷ್ಯ ಸಂಜೆ ಮನೆಗೆ ಹೋಗಿ ಋಷಿಯ ಹಾಗೆ ಕೂರುತ್ತಿದ್ದನಲ್ಲ! ಅಂಗಡಿಯಲ್ಲಿದ್ದ ಬುದ್ಧಿಯನ್ನು ಷಟರ್ ಎಳೆಯುವಾಗ ಒಳಗೇ ಬಿಟ್ಟು ಬೀಗ ಹಾಕುತ್ತಿದ್ದನೇನೋ. ದರ್ಜಿಗೆ ಸೋಮವಾರ ಬನ್ನಿ ಅಂತ ಹೇಳಿ ಹೆಂಡತಿಗೆ ಫೋನ್ ಮಾಡಿದ.

‘ಸಂಜೆ ನಿನ್ನ ತಂಗಿಗೆ ಬರೋಕೆ ಹೇಳು.’

‘ಯಾಕೆ, ಇವತ್ತು ನೀರಿಗೆ ಬೀಳಿಸ್ತೀರಾ?’

‘ಅವಳಿಗೆ ಈಜು ಬರುತ್ತಲ್ಲ’ ಅಂದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡು, ‘ಇಲ್ಲ ಕಣೇ. ಫ್ರಿಜ್ ಮೇಲಿನ ಗುಂಡಿ ತೆಗೆದಿಡು’ ಅಂದ.

ಗುಂಡಿ ಅಷ್ಟು ಸುಲಭಕ್ಕೆ ಬರಲಿಲ್ಲ. ಹೆಂಡತಿ ಹಚ್ಚಿದ ಗೋಂದು ಗಟ್ಟಿ. ಅದೇ ಬೆಣ್ಣೆ ಚಾಕುವಿನಿಂದ ಆಯಸ್ಕಾಂತದಿಂದ ಎಬ್ಬಿಸಿ, ಕೀಬೋರ್ಡಿನಲ್ಲಿ ಒತ್ತಿ ಕೂರಿಸಿದ. ಸೊಟ್ಟಗೆ ಕೂತಿತು, ಆದರೆ ಕೆಲಸ ಮಾಡಿತು. ಆಮೇಲೆ ಅವನು ತಾನು ಜನ್ಮದಲ್ಲಿ ಕಾಲಿಡದ ‘ಸುಲಭ’ ಅನ್ನುವ ಪುಟಕ್ಕೆ, ಅಕ್ಕಪಕ್ಕ ಯಾರೂ ನೋಡುತ್ತಿಲ್ಲ ತಾನೆ ಅನ್ನುವವನ ಹಾಗೆ, ಹೋದ. ಗಾಳಿ ಬೇಡ. ದೋಷ ಬೇಡ. ಮೋಡ ಅಲಂಕಾರಕ್ಕಷ್ಟೇ. ವಿಮಾನ ಓಡುದಾರಿಯ ಮೇಲೆ ಎಂಜಿನ್ ಚಾಲೂ ಆಗಿಯೇ ನಿಂತಿರಲಿ, ಇಂಧನ ತುಂಬುವವರಿಗೆ ರಜೆ.

ನಾದಿನಿ ಬಾಗಿಲಲ್ಲೇ ನಿಂತಳು. ಅವನು ಮೊದಲು ಬೆಲ್ಟಿನ ಕೊಕ್ಕೆ ಎತ್ತುವುದು ಹೇಗೆ ಅಂತ ತೋರಿಸಿದ. ಆಮೇಲೆ ಕೀಬೋರ್ಡನ್ನು ಅವಳ ತೊಡೆಯ ಮೇಲಿಟ್ಟು, ಪಿ ಮೇಲೆ ಅವಳ ಬೆರಳಿಟ್ಟ.

‘ನಿನ್ನ ಗೋಡೆ’ ಅಂದ. ‘ಎಷ್ಟು ಸಲ ಬೇಕಾದ್ರೂ.’

ವಿಮಾನ ಕದಲುವ ಮೊದಲೇ ಅವಳು ಒತ್ತಿದಳು. ಜಗತ್ತು ನಿಂತಿತು. ಮತ್ತೆ ಒತ್ತಿದಳು. ಕೊಂಚ ಓಡಿತು. ಒತ್ತಿದಳು. ಹೀಗೆ ಹೊಸದಾಗಿ ಕಾರು ಕಲಿಯುವವರ ಹಾಗೆ ಕುಲುಕುತ್ತ ಕುಲುಕುತ್ತ ಆ ದೊಡ್ಡ ವಿಮಾನ ನೆಲ ಬಿಟ್ಟಿತು. ಪ್ರತಿ ಸದ್ದಿಗೂ ಅವಳು ನಿಲ್ಲಿಸುವಳು, ಅವನು ಹೇಳುವನು: ಇದು ಚಕ್ರ ಮಡಚಿಕೊಂಡ ಸದ್ದು. ಇದು ಎಂಜಿನ್ ಜೋರು ಕಮ್ಮಿ ಮಾಡಿದ್ದು, ಕೆಟ್ಟಿದ್ದಲ್ಲ. ಇದು ರೆಕ್ಕೆಯ ಹಿಂದಿನ ಹಲಗೆ ಒಳಗೆ ಹೋಗಿದ್ದು.

‘ನೀವು ಹೋದಾಗ್ಲೂ ಹೀಗೇ ಕೇಳಿಸ್ತಾ ಭಾವ?’

ತಯಾರು ಮಾಡಿಟ್ಟುಕೊಂಡ ಉತ್ತರ ನಾಲಿಗೆ ತನಕ ಬಂತು. ಅವಳ ಬೆರಳು ಗುಂಡಿಯ ಮೇಲೆ ಬೆಳ್ಳಗಾಗಿತ್ತು.

‘ನಾನು ಹೋಗಿಲ್ಲ’ ಅಂದ.

‘ಎಲ್ಲಿಗೆ?’

‘ಎಲ್ಲಿಗೂ. ವಿಮಾನದಲ್ಲಿ.’

ನಾದಿನಿ ಪಿ ಒತ್ತಿದಳು. ಆಕಾಶ ನಿಂತಿತು. ‘ಅಕ್ಕಾ!’ ಅಂತ ಕೊಳದ ಗಂಟಲಿನಲ್ಲಿ ಕೂಗಿದಳು. ‘ಅಕ್ಕಾ, ಬಾರೇ ಇಲ್ಲಿ! ನಿನ್ನ ಗಂಡ ವಿಮಾನವೇ ಹತ್ತಿಲ್ವಂತೆ!’

‘ನಂಗೆ ಗೊತ್ತಿಲ್ವೇನೇ’ ಅಂದಳು ಹೆಂಡತಿ ಅಡುಗೆಮನೆಯಿಂದ. ‘ಮದುವೆಯಾಗಿ ಇಷ್ಟು ವರ್ಷ ಆಯ್ತು, ಟಿಕೆಟ್ ಮಾಡಿಸೋಣ ಅಂದಾಗೆಲ್ಲ ಇವರಿಗೆ ಜ್ವರ ಬರುತ್ತೆ.’

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬೆಲ್ಟ್ ಬಿಗಿದಿದ್ದರಿಂದ ಬಗ್ಗಲಾಗದೆ ಇನ್ನಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು: ‘ಭಯಾನಾ ಭಾವ?’

ಅವನು ಪರದೆ ನೋಡಿದ. ಮುಳ್ಳುಗಳೆಲ್ಲ ನಿಂತಿದ್ದವು, ಓದಲು ಏನೂ ಇರಲಿಲ್ಲ. ಹಾಗಾಗಿ ಮೊದಲ ಸಲ ವಿಮಾನದ ಕಿಟಕಿಯಾಚೆ ನೋಡಿದ. ಸಂಜೆ ಬಿಸಿಲು ಬಿದ್ದ ಮೋಡವೊಂದು ರೆಕ್ಕೆಯ ತುದಿಯಲ್ಲಿ ಅರ್ಧ ಬಿಚ್ಚಿದ ಹತ್ತಿಯಂತೆ ನಿಂತಿತ್ತು. ಇಷ್ಟು ವರ್ಷ ಹಾರಿಸಿಯೂ ಇದು ಕಂಡಿರಲಿಲ್ಲವಲ್ಲ, ನಿಲ್ಲಿಸಿದ್ದರೆ ತಾನೇ ಕಾಣುವುದು.

‘ಸ್ವಲ್ಪ’ ಅಂದ.

‘ಸ್ವಲ್ಪ ಅಂದ್ರೆ?’

‘ಬಾಗಿಲು ಹಾಕ್ತಾರಲ್ಲ, ಆಮೇಲೆ ಯಾರೂ ನನ್ನ ಮಾತು ಕೇಳಲ್ಲ ಅನ್ನೋದು.’

ನಾದಿನಿ ತಲೆಯಾಡಿಸಿದಳು. ಅವಳಿಗೂ ಅದೇ. ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ವಿಮಾನ ಮುಂದೆ ಹೋಯಿತು.

ಭಾನುವಾರ ಮತ್ತೆ ಬಂದಳು. ನಿಲ್ಲಿಸುವುದು ಕಡಿಮೆಯಾಗುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳೇ ‘ಸ್ವಲ್ಪ ಗಾಳಿ ಹಾಕಿ ಭಾವ’ ಅಂದಳು, ಉಪ್ಪು ಹಾಕಿ ಅನ್ನುವ ಹಾಗೆ. ಅವನು ಚಿಟಿಕೆಯಷ್ಟು ಹಾಕಿದ. ವಿಮಾನ ಅಲುಗಾಡಿತು, ಅವಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ, ಒತ್ತದೆ, ಹಲ್ಲು ಕಚ್ಚಿ ಕೂತಳು. ಇನ್ನೂ ಸ್ವಲ್ಪ ಹಾಕಿದ. ‘ಬೆಂಕಿ?’ ಅಂತ ತಮಾಷೆಗೆ ಕೇಳಿದ್ದಕ್ಕೆ, ‘ನಿಮ್ಮ ಮೀಸೆಗೆ ಹಚ್ಚಿಕೊಳ್ಳಿ’ ಅಂದಳು. ಕೊನೆಯ ಸಲ ಹಾರಿದಾಗ ಇಳಿಯುವ ತನಕ ಒಮ್ಮೆಯೂ ಒತ್ತಲಿಲ್ಲ. ಆದರೆ ಬಾಗಿಲು ಮುಚ್ಚುವುದೊಂದನ್ನು ಮಾತ್ರ ಈ ಕೋಣೆಯಲ್ಲಿ ತಾಲೀಮು ಮಾಡುವುದು ಸಾಧ್ಯವಿರಲಿಲ್ಲ. ಕೋಣೆಯ ಬಾಗಿಲು ಹಾಕಿ ನೋಡಿದರು. ಬಾಗಿಲಾಚೆ ಅಕ್ಕ ಪಾತ್ರೆ ತೊಳೆಯುವ ಸದ್ದು ಕೇಳುತ್ತಿದ್ದರೆ ಯಾವ ಭಯ ಹುಟ್ಟೀತು? ಅದು ಇಬ್ಬರಿಗೂ ಗೊತ್ತಿತ್ತು.

ಹೊರಡುವಾಗ ನಾದಿನಿ ಉಗುರಿನಿಂದ ಪಿ ಗುಂಡಿಯನ್ನು ಎಬ್ಬಿಸಿಕೊಂಡಳು.

‘ಇದನ್ನ ತಗೊಂಡು ಹೋಗ್ಲಾ?’

‘ಅಲ್ಲಿ ಅದು ಯಾವುದಕ್ಕೂ ತಗುಲಿಕೊಂಡಿರಲ್ಲ ಕಣಮ್ಮ. ಬರೀ ಪ್ಲಾಸ್ಟಿಕ್.’

‘ಗೊತ್ತು ಭಾವ. ನನಗೂ ಕಣ್ಣಿದೆ, ಕನ್ನಡಕ ನೀವೇ ಕೊಟ್ಟಿದ್ದು.’

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಕ್ಯಾಪ್ಟನ್ ಫೋನನ್ನು ಗಾಜಿನ ಮೇಜಿನ ಮೇಲೆ, ತಿರುಪುಗಳ ಡಬ್ಬಿಯ ಪಕ್ಕದಲ್ಲಿ, ಮುಖ ಮೇಲೆ ಮಾಡಿ ಇಟ್ಟುಕೊಂಡಿದ್ದ. ದರ್ಜಿ ಹೇಳಿದ ಹೊತ್ತಿಗೆ ಬಂದ. ಅರ್ಧ ನಂಬರಿನ ಗಾಜು ತಯಾರಿತ್ತು. ಅದನ್ನು ಫ್ರೇಮಿಗೆ ಕೂರಿಸುತ್ತಿರುವಾಗ ಮೊದಲ ಸಂದೇಶ ಬಂತು: ‘ಸೀಟಲ್ಲಿ ಕೂತೆ. ಬೆಲ್ಟ್ ಬಿಚ್ಚೋದು ಮೊದಲು ಕಲಿತೆ, ಆಮೇಲೆ ಹಾಕ್ಕೊಂಡೆ.’

ಸ್ವಲ್ಪ ಹೊತ್ತಿಗೆ ಇನ್ನೊಂದು: ‘ಬಾಗಿಲು ಹಾಕೋಕೆ ಬಂದ್ರು.’

ಆಮೇಲೆ ಏನೂ ಇಲ್ಲ.

ಕ್ಯಾಪ್ಟನ್ ಕೈಯಲ್ಲಿದ್ದ ಪುಟ್ಟ ತಿರುಪುಳಿ ಗಾಜಿನ ಮೇಲೆ ಜಾರಿತು, ಪುಣ್ಯಕ್ಕೆ ಗೀರು ಬೀಳಲಿಲ್ಲ. ಎರಡು ವರ್ಷದ ಹಿಂದೆ ಅವಳು ಎದ್ದದ್ದು ಈ ಗಳಿಗೆಯಲ್ಲೇ. ಈಗ ಎದ್ದಿರಬಹುದು. ಮಕ್ಕಳು ನೋಡುತ್ತಿರಬಹುದು. ಇಲ್ಲಿಂದ ಅವನು ಮಾಡಬಹುದಾದದ್ದು ಯಾವುದೂ ಇರಲಿಲ್ಲ: ಗಾಳಿ ಕಡಿಮೆ ಮಾಡುವ ಹಾಗಿಲ್ಲ, ವೇಗ ಹೆಚ್ಚಿಸಿ ಈ ಹೊತ್ತನ್ನು ನುಂಗುವ ಹಾಗಿಲ್ಲ, ನಿಲ್ಲಿಸುವ ಹಾಗಂತೂ ಇಲ್ಲವೇ ಇಲ್ಲ. ಇಷ್ಟು ವರ್ಷ ಬೇಕು ಬೇಕು ಅಂತ ಹಟ ಹಿಡಿದ ಅಸಲಿ ಅಂದರೆ ಇದೇ ಏನೋ. ಇದರಲ್ಲಿ ಯಾವ ಸೊಗಸಿತ್ತು ಅಂತ ತಾನು ಅಷ್ಟು ಹಂಬಲಿಸಿದ್ದು?

ಫೋನ್ ಬೆಳಗಿತು.

‘ಹಾಕಿದ್ರು. ಕೂತಿದೀನಿ. ಗುಂಡಿ ಒತ್ತಿ ಒತ್ತಿ ಬೆರಳು ನೋವು, ಯಾವುದೂ ನಿಲ್ತಿಲ್ಲ, ಆದ್ರೂ ಕೂತಿದೀನಿ. ಫೋನ್ ಆರಿಸಬೇಕಂತೆ.’

ಕ್ಯಾಪ್ಟನ್ ಅದನ್ನು ಮತ್ತೆ ಮತ್ತೆ ಓದಿದ. ಕನ್ನಡಕವನ್ನು ದರ್ಜಿಯ ಕಿವಿಗೆ ಏರಿಸಿದ. ಈಗ ಹಿಂದಕ್ಕೆ ತಳ್ಳುತ್ತಿರುತ್ತಾರೆ. ಈಗ ಎಂಜಿನ್. ದಾರಿ ಖಾಲಿ ಇದ್ದರೆ ಈಗ ತಿರುಗಿ ನೇರ ನಿಂತಿರುತ್ತದೆ. ಹಿಂದೆ ಒಂದು ಸೀಟಿನಲ್ಲಿ ಒಂದು ಮುಳ್ಳೂ ಕಾಣದೆ, ಒಂದು ಸ್ವಿಚ್ಚೂ ಸಿಗದೆ, ಅವಳು.

‘ನೆಲ ಈಗ ಪರವಾಗಿಲ್ಲ ಸಾರ್’ ಅಂದ ದರ್ಜಿ, ಕಾಲಿನಿಂದ ನೆಲ ಮುಟ್ಟಿ ನೋಡುತ್ತ. ‘ಆದ್ರೆ ಈ ಬಲಗಡೆ ಕಿವಿ ಹಿಂದೆ ಸ್ವಲ್ಪ...’

ಕ್ಯಾಪ್ಟನ್ ಒಂದು ಬೆರಳೆತ್ತಿದ.

ದರ್ಜಿ ಬೆರಳನ್ನೂ ಅವನ ಮುಖವನ್ನೂ ನೋಡಿದ. ‘ಏನಾಯ್ತು ಸಾರ್?’

‘ಸ್ವಲ್ಪ ಹೊತ್ತು ಮಾತು ಬೇಡ’ ಅಂದ ಕ್ಯಾಪ್ಟನ್. ‘ನನ್ನ ನಾದಿನಿ ಇನ್ನೂ ಹತ್ತು ಸಾವಿರ ಅಡಿ ದಾಟಿಲ್ಲ.’

ದರ್ಜಿಗೆ ಏನು ಅರ್ಥವಾಯಿತೋ. ಕನ್ನಡಕ ತೆಗೆದು ಎರಡು ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ, ಕ್ಯಾಪ್ಟನ್ ನೋಡುತ್ತಿದ್ದ ಕಡೆಗೇ, ಅಂಗಡಿಯ ಚಾವಣಿಯ ಕಡೆಗೆ, ಅವನೂ ತಲೆಯೆತ್ತಿ ಕೂತ.